ಹೆಡ್‌ಸೆಟ್ ತಲೆಗೇರುವ ಮುನ್ನ: ಮನಸ್ಸಿಗೂ ನಿದ್ದೆಗೂ ಮೆದುಳಿನ ಉತ್ತೇಜನ, ಹಂತ ಹಂತವಾಗಿ

"ಹತ್ತು ದಿನ ಹಾಕಿಕೊಂಡೆ, ಏನೂ ಆಗಲಿಲ್ಲ." "ಹಣೆ ಉರಿಯಿತು, ಎತ್ತಿಟ್ಟೆ." "ಮೊದಲ ವಾರ ಚೆನ್ನಾಗಿತ್ತು, ಆಮೇಲೆ ಇದ್ದ ನಿದ್ದೆಯೂ ಹೋಯಿತು." ಮಾತ್ರೆಯಿಲ್ಲದೆ ಮನಸ್ಸು, ನಿದ್ದೆ ಸರಿಮಾಡಿಕೊಳ್ಳೋಣ ಅಂತ ತಲೆಗೆ ಹಾಕಿ ಮೆದುಳಿಗೆ ಸಣ್ಣ ವಿದ್ಯುತ್ ಹರಿಸುವ ಯಂತ್ರ ಕೊಂಡವರು ಹೇಳುವುದು ಹೆಚ್ಚುಕಡಿಮೆ ಈ ಮೂರರಲ್ಲಿ ಒಂದು. ವಿಚಾರಿಸಿ ನೋಡಿದರೆ ಯಂತ್ರ ಕೆಟ್ಟಿರುವುದು ಅಪರೂಪ. ಕೆಲಸದ ಕ್ರಮ ತಪ್ಪಿರುತ್ತದೆ. ಪೆಟ್ಟಿಗೆ ಬಂದ ದಿನವೇ ಬಿಚ್ಚಿ, ಚಾರ್ಜ್ ಮಾಡಿ, ರಾತ್ರಿಯೇ ತಲೆಗೆ ಹಾಕಿಕೊಂಡಿರುತ್ತಾರೆ. ವೈದ್ಯರನ್ನು ಕೇಳುವುದು, ಅಳತೆ ನೋಡುವುದು, ಬರೆದಿಡುವುದು ಎಲ್ಲ ಆಮೇಲೆ ನೆನಪಾಗುತ್ತವೆ. ಕೆಲವರಿಗೆ ನೆನಪಾಗುವುದೂ ಇಲ್ಲ.

ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಸ್ವಿಚ್ ಒತ್ತುವುದು ಆರನೇ ಹಂತದಲ್ಲಿ. ಮೊದಲ ಐದು ಬೇಸರ ತರಿಸುತ್ತವೆ, ಗೊತ್ತು. ಕೆಲಸ ಕೆಡುವುದು ಮಾತ್ರ ಅಲ್ಲೇ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುವುದೆಲ್ಲ ವೈದ್ಯಕೀಯ ಉಪಕರಣ ಎಂದು ಮಾನ್ಯತೆ ಪಡೆದ, ಕಾರ್ಖಾನೆಯಲ್ಲಿ ತಯಾರಾದ ಯಂತ್ರಗಳಿಗೆ. 9 ವೋಲ್ಟ್ ಬ್ಯಾಟರಿಗೆ ವೈರ್ ಸುತ್ತಿ ಮನೆಯಲ್ಲೇ ಮಾಡಿಕೊಳ್ಳುವವರಿಗೆ ನನ್ನ ಬಳಿ ಸಲಹೆ ಇಲ್ಲ. ಈ ಕ್ಷೇತ್ರದ ಸಂಶೋಧಕರೇ 2016ರಲ್ಲಿ ಅಂಥವರಿಗೆ ಬಹಿರಂಗ ಪತ್ರ ಬರೆದು ಎಚ್ಚರಿಸಿದ್ದಾರೆ.

## ಬೇಕಾಗುವ ಸಾಮಾನು

ಯಂತ್ರ ಮತ್ತು ಅದರ ಕೈಪಿಡಿ. ಅದೇ ಕಂಪನಿಯ ಹೊಸ ಸ್ಪಂಜು ಅಥವಾ ಪ್ಯಾಡ್. ಔಷಧಿ ಅಂಗಡಿಯಲ್ಲಿ ಸಿಗುವ 0.9 ಶೇಕಡಾ ಸಲೈನ್. ಸೂಜಿ ಇಲ್ಲದ 10 ಮಿಲಿ ಸಿರಿಂಜು. ದರ್ಜಿಗಳು ಬಳಸುವ ಮೆತ್ತನೆ ಟೇಪು. ಕನ್ನಡಿ, ಹತ್ತಿ ಬಟ್ಟೆ, ಸೌಮ್ಯವಾದ ಸೋಪು. ಒಂದು ನೋಟ್‌ಬುಕ್ಕು. ಮೊದಲ ನಾಲ್ಕೈದು ಸಲ ಪಕ್ಕದಲ್ಲಿ ಕೂರುವ ಒಬ್ಬರು.

ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನಿಮ್ಮ ಹಣೆ ನಿಮಗೆ ಕಾಣುವುದಿಲ್ಲ. ಕನ್ನಡಿಯಲ್ಲಿ ಎಡಬಲ ತಿರುಗಿ ಕಾಣುತ್ತದೆ. ಪಕ್ಕದಲ್ಲಿ ಒಂದು ಜೊತೆ ಕಣ್ಣಿದ್ದರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

## ಹಂತ 1: ಇದು ನಿಮಗೆ ಆಗಿಬರುತ್ತದೆಯೇ, ಕೇಳಿಕೊಳ್ಳಿ

ತಲೆಯೊಳಗೆ ಲೋಹದ ತುಣುಕು, ಕ್ಲಿಪ್, ಪ್ಲೇಟು ಇದ್ದರೆ ಬೇಡ. ಪೇಸ್‌ಮೇಕರ್, ಎದೆಯೊಳಗಿನ ಡಿಫಿಬ್ರಿಲೇಟರ್, ಕಿವಿಯೊಳಗೆ ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿಗೆ ಅಳವಡಿಸಿದ ಯಾವುದೇ ಉಪಕರಣ ಇದ್ದರೂ ಬೇಡ. ಮೂರ್ಛೆರೋಗ ಇರುವವರು, ಹಿಂದೆ ಫಿಟ್ಸ್ ಬಂದವರು, ತಲೆಬುರುಡೆಯ ಶಸ್ತ್ರಚಿಕಿತ್ಸೆ ಆದವರು, ಪಾರ್ಶ್ವವಾಯು ಆದವರು, ಗರ್ಭಿಣಿಯರು ವೈದ್ಯರ ಸ್ಪಷ್ಟ ಒಪ್ಪಿಗೆ ಇಲ್ಲದೆ ಮುಟ್ಟಬಾರದು. ಮಕ್ಕಳಿಗಂತೂ ಮನೆಯಲ್ಲಿ ಪ್ರಯೋಗ ಬೇಡವೇ ಬೇಡ. ಪ್ಯಾಡ್ ಕೂರುವ ಜಾಗದಲ್ಲಿ ಗಾಯ, ಇಸುಬು, ಬಿಸಿಲಿಗೆ ಸುಟ್ಟ ಚರ್ಮ ಇದ್ದರೆ ಅದು ಪೂರ್ತಿ ಮಾಯುವವರೆಗೆ ಕಾಯಿರಿ.

ಜನ ಬಾಯಿಬಿಟ್ಟು ಹೇಳದ ವಿಷಯ ಇನ್ನೊಂದಿದೆ. ನಿಮಗೋ ಮನೆಯ ಹತ್ತಿರದವರಿಗೋ ಬೈಪೋಲಾರ್ ಕಾಯಿಲೆ ಇದೆಯಾ? ಕೆಲವು ದಿನ ನಿದ್ದೆಯೇ ಬೇಡ ಅನ್ನಿಸಿ, ತಲೆ ತುಂಬ ಯೋಜನೆ, ಮಾತು ಜಾಸ್ತಿ, ಖರ್ಚು ಜಾಸ್ತಿ ಆದದ್ದುಂಟಾ? ಇದ್ದರೆ ಮೊದಲು ಮನೋವೈದ್ಯರಿಗೆ ಹೇಳಿ. ಖಿನ್ನತೆಗೆ ಕೊಡುವ ಉತ್ತೇಜನ ಕೆಲವರನ್ನು ಆ ಕಡೆಗೆ ತಳ್ಳಬಹುದು. 2017ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಒಂದು ದೊಡ್ಡ ಪ್ರಯೋಗದಲ್ಲಿ ಉತ್ತೇಜನ ಪಡೆದ ಗುಂಪಿನ ಇಬ್ಬರಲ್ಲಿ ಹೊಸದಾಗಿ ಉನ್ಮಾದ ಕಾಣಿಸಿಕೊಂಡಿತ್ತು.

ಬದುಕು ಸಾಕು ಅನ್ನಿಸುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಹತ್ತಿರದವರೊಬ್ಬರಿಗೆ ಹೇಳಿ, ಇವತ್ತೇ ವೈದ್ಯರನ್ನು ಕಾಣಿ ಅಥವಾ ತುರ್ತು ಸಹಾಯವಾಣಿಗೆ ಕರೆ ಮಾಡಿ. ಈ ಯಂತ್ರಗಳು ವಾರಗಟ್ಟಲೆ ನಿಧಾನಕ್ಕೆ ಕೆಲಸ ಮಾಡುವಂಥವು. ಆ ಹೊತ್ತಿಗೆ ಒದಗುವುದಿಲ್ಲ.

ವೈದ್ಯರ ಬಳಿ ಹೋದಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಕೊಡಿ. ಲೋರಾಜೆಪಾಮ್‌ನಂಥ ನಿದ್ದೆ ಮತ್ತು ಆತಂಕದ ಮಾತ್ರೆ, ಕಾರ್ಬಮಾಜೆಪಿನ್‌ನಂಥ ಫಿಟ್ಸ್ ಮಾತ್ರೆ ಉತ್ತೇಜನದ ಪರಿಣಾಮವನ್ನು ಬದಲಿಸುತ್ತವೆ. ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಆಗಿದೆಯಾ ಕೇಳಿ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟುವವರಿಗೆ ಇರುವುದು ಸ್ಲೀಪ್ ಅಪ್ನಿಯಾ ಆಗಿರಬಹುದು. ಅದಕ್ಕೆ ಹಣೆಯ ಮೇಲಿನ ಪ್ಯಾಡ್ ಏನೂ ಮಾಡಲಾರದು.

ಹಾಂ, ನಡೆಯುತ್ತಿರುವ ಮಾತ್ರೆಯನ್ನು ಯಂತ್ರ ಬಂತು ಅಂತ ಬಿಡಬೇಡಿ. "ಮಾತ್ರೆಯಿಲ್ಲದ ಚಿಕಿತ್ಸೆ" ಎಂದರೆ ಯಂತ್ರದೊಳಗೆ ಮಾತ್ರೆ ಇಲ್ಲ ಎಂದಷ್ಟೇ ಅರ್ಥ.

## ಹಂತ 2: ನಿಮ್ಮ ಕೈಲಿರುವುದು ಯಾವ ಬಗೆ, ತಿಳಿದುಕೊಳ್ಳಿ

ನೋಡಲು ಎಲ್ಲ ಒಂದೇ ಥರ. ಒಳಗೆ ಮಾಡುವ ಕೆಲಸ ಬೇರೆ ಬೇರೆ. ಒಂದರ ವೇಳಾಪಟ್ಟಿಯನ್ನು ಇನ್ನೊಂದಕ್ಕೆ ಹಾಕಿ ಕೆಟ್ಟವರು ಎಷ್ಟೋ ಜನ.

ಟಿಡಿಸಿಎಸ್ (ಟ್ರಾನ್ಸ್‌ಕ್ರೇನಿಯಲ್ ಡೈರೆಕ್ಟ್ ಕರೆಂಟ್ ಸ್ಟಿಮ್ಯುಲೇಷನ್). ಹಣೆಯ ಮೇಲೆ ಎರಡು ಪ್ಯಾಡ್ ಕೂರುವ ಹೆಡ್‌ಸೆಟ್. ಒಂದೇ ದಿಕ್ಕಿಗೆ ಹರಿಯುವ ಸಣ್ಣ ವಿದ್ಯುತ್, ಸಾಮಾನ್ಯವಾಗಿ 1ರಿಂದ 2 ಮಿಲಿ ಆಂಪಿಯರ್, 20ರಿಂದ 30 ನಿಮಿಷ. ಇಷ್ಟು ಕಡಿಮೆ ವಿದ್ಯುತ್ ನರಕೋಶವನ್ನು ಬಲವಂತವಾಗಿ ಎಬ್ಬಿಸುವುದಿಲ್ಲ. ಏಳಲು ಸಿದ್ಧವಾಗಿರುವ ಕೋಶಕ್ಕೆ ಏಳುವುದನ್ನು ಸ್ವಲ್ಪ ಸುಲಭ ಮಾಡಿಕೊಡುತ್ತದೆ. ಮುಖ್ಯ ಬಳಕೆ ಖಿನ್ನತೆಗೆ.

ಸಿಇಎಸ್ (ಕ್ರೇನಿಯಲ್ ಎಲೆಕ್ಟ್ರೋಥೆರಪಿ ಸ್ಟಿಮ್ಯುಲೇಷನ್). ಹೆಚ್ಚಾಗಿ ಎರಡೂ ಕಿವಿಹಾಲೆಗೆ ಸಿಕ್ಕಿಸುವ ಕ್ಲಿಪ್. ಅತ್ತಿಂದಿತ್ತ ಬದಲಾಗುವ ಮಿಡಿತದ ವಿದ್ಯುತ್. ಕಿವಿ ಕ್ಲಿಪ್ಪಿನ ಯಂತ್ರಗಳಲ್ಲಿ ಅದರ ಪ್ರಮಾಣ ಮಿಲಿ ಆಂಪಿಯರ್‌ಗಿಂತಲೂ ಕಡಿಮೆ, ಮೈಕ್ರೋ ಆಂಪಿಯರ್ ಲೆಕ್ಕ. ಅಮೆರಿಕದ ಔಷಧ, ಉಪಕರಣ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಇವನ್ನು ಎರಡು ಭಾಗ ಮಾಡಿತು. ಆತಂಕ ಮತ್ತು ನಿದ್ರಾಹೀನತೆಗೆ ಬಳಸುವವು ಮಧ್ಯಮ ಅಪಾಯದ ವರ್ಗಕ್ಕೆ ಹೋದವು. ಖಿನ್ನತೆಗೆ ಬಳಸುವವು ಅತ್ಯಂತ ಕಟ್ಟುನಿಟ್ಟಿನ ವರ್ಗದಲ್ಲೇ ಉಳಿದವು. ಆದ್ದರಿಂದ ಕಿವಿ ಕ್ಲಿಪ್ ಮಾರುವವರು "ಖಿನ್ನತೆಗೂ ಆಗುತ್ತದೆ" ಎಂದರೆ ಪುರಾವೆ ಕೇಳಿ.

ಕಿವಿಯ ವೇಗಸ್ ನರದ (ಮೆದುಳಿನಿಂದ ಹೃದಯ, ಹೊಟ್ಟೆಯವರೆಗೆ ಇಳಿಯುವ ನರ) ಉತ್ತೇಜಕ. ಇದು ಕಿವಿಯ ಹೊರಭಾಗದ ಬಟ್ಟಲಿನೊಳಗೋ ರಂಧ್ರದ ಮುಂದಿನ ಗಂಟಿನ ಮೇಲೋ ಕೂರುತ್ತದೆ. ಸಾಮಾನ್ಯವಾಗಿ ಎಡಕಿವಿಗೆ ಮಾತ್ರ. ಇದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು, ಅಷ್ಟೇ.

ಫಲ ಎಷ್ಟು ಅಂತ ನಿರೀಕ್ಷಿಸಬೇಕು? ನಿಜ ಹೇಳಬೇಕೆಂದರೆ ಫಲಿತಾಂಶ ಒಂದೇ ಕಡೆ ವಾಲಿಲ್ಲ. 2023ರಲ್ಲಿ ಜರ್ಮನಿಯ 160 ರೋಗಿಗಳ ಪ್ರಯೋಗದಲ್ಲಿ, ಖಿನ್ನತೆಯ ಮಾತ್ರೆಯ ಜೊತೆ ಕೊಟ್ಟ ಟಿಡಿಸಿಎಸ್ ಹುಸಿ ಚಿಕಿತ್ಸೆಗಿಂತ (ಯಂತ್ರ ಹಾಕಿ, ಚಿಕಿತ್ಸೆಯ ವಿದ್ಯುತ್ ಮಾತ್ರ ಕೊಡದಿರುವುದು) ಮೇಲಾಗಲಿಲ್ಲ. 2024ರಲ್ಲಿ ಮನೆಬಳಕೆಯ ಎರಡು ಪ್ರಯೋಗ ಬಂದವು. 174 ಜನರ ಮೇಲೆ 10 ವಾರ ನಡೆದ ಒಂದರಲ್ಲಿ ನಿಜವಾದ ಯಂತ್ರ ಹುಸಿ ಯಂತ್ರಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಬ್ರೆಜಿಲ್‌ನ 210 ಜನರ ಇನ್ನೊಂದರಲ್ಲಿ ಹಾಗಾಗಲಿಲ್ಲ. ಮೊದಲನೆಯದರಲ್ಲಿ ವಿಡಿಯೋ ಮೂಲಕ ತಂಡದವರು ದೂರದಿಂದಲೇ ನೋಡಿಕೊಳ್ಳುತ್ತಿದ್ದರು, ಎರಡನೆಯದರಲ್ಲಿ ಜನ ತಾವೇ ಮಾಡಿಕೊಂಡರು. ವ್ಯತ್ಯಾಸಕ್ಕೆ ಅದೊಂದೇ ಕಾರಣ ಅಂತ ಹೇಳಲಾಗದು, ಎರಡರ ನಡುವೆ ಬೇರೆ ವ್ಯತ್ಯಾಸಗಳೂ ಇದ್ದವು. ಆದರೆ ಪಕ್ಕದಲ್ಲಿ ಒಬ್ಬರು ಇರಲಿ ಅಂತ ನಾನು ಹಟ ಹಿಡಿಯುವುದು ಸುಮ್ನೆ ಅಲ್ಲ.

## ಹಂತ 3: ಸ್ವಿಚ್ ಮುಟ್ಟುವ ಮೊದಲು ಬರೆದಿಡಿ

ಇದನ್ನು ಬಿಟ್ಟವರಿಗೆ ಕೊನೆಗೆ ಯಂತ್ರ ಕೆಲಸ ಮಾಡಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಹಿಂದಿನ ತಿಂಗಳು ಹೇಗಿದ್ದೆವು ಅಂತ ಮನಸ್ಸು ಸರಿಯಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಇವತ್ತು ಬೇಜಾರಾಗಿದ್ದರೆ ಆಗಲೂ ಬೇಜಾರೇ ಇತ್ತು ಅನ್ನಿಸುತ್ತದೆ.

ಮನಸ್ಸಿಗೆ ಪಿಎಚ್‌ಕ್ಯು-9 ಪ್ರಶ್ನಾವಳಿ ಬಳಸಿ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಅಂಕ 0ರಿಂದ 27. ನಿದ್ದೆಗೆ ಐಎಸ್‌ಐ ಎಂಬ ಏಳು ಪ್ರಶ್ನೆಯ ಅಳತೆ ಇದೆ, ಅಂಕ 0ರಿಂದ 28. ಎರಡರಲ್ಲೂ ಅಂಕ ಹೆಚ್ಚಿದಷ್ಟು ತೊಂದರೆ ಹೆಚ್ಚು. ಪಿಎಚ್‌ಕ್ಯುನಲ್ಲಿ 5 ಅಂಕ, ಐಎಸ್‌ಐನಲ್ಲಿ 6 ಅಂಕ ಇಳಿದರೆ ಅದನ್ನು ಗಣನೆಗೆ ತೆಗೆದುಕೊಳ್ಳಬಹುದಾದ ಬದಲಾವಣೆ ಎನ್ನುತ್ತಾರೆ. ಒಂದೆರಡು ಅಂಕ ಆಚೀಚೆ ಆಗುವುದು ಯಾವ ವಾರವಾದರೂ ಆಗುತ್ತದೆ. ಪಿಎಚ್‌ಕ್ಯುನ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಬರೆದರೆ ಹಂತ 1ಕ್ಕೆ ವಾಪಸ್ ಹೋಗಿ.

ಜೊತೆಗೆ ನಿದ್ದೆಯ ಲೆಕ್ಕ. ಬೆಳಿಗ್ಗೆ ಎದ್ದ ಮೇಲೆ ಒಂದೇ ಸಾಲು, ಹೀಗೆ:

"ಮಲಗಿದ್ದು 11:10. ನಿದ್ದೆ ಹತ್ತಲು ಸುಮಾರು 50 ನಿಮಿಷ. ಎರಡು ಸಲ ಎಚ್ಚರ. ಎದ್ದದ್ದು 6:30. ಕಾಫಿ ಕೊನೆಯದು 5 ಗಂಟೆಗೆ."

ಗಡಿಯಾರ ನೋಡಿಕೊಂಡು ಬರೆಯಬೇಡಿ, ಅಂದಾಜು ಸಾಕು. ರಾತ್ರಿ ಗಡಿಯಾರ ನೋಡುವುದೇ ನಿದ್ದೆಗೆ ಶತ್ರು. ಎರಡು ವಾರ ಹೀಗೆ ಬರೆದರೆ ಒಳ್ಳೆಯದು. ವೈದ್ಯರು ಬೇಗ ಶುರುಮಾಡಿ ಎಂದಿದ್ದರೆ ಒಂದು ವಾರವಾದರೂ ಬರೆಯಿರಿ.

## ಹಂತ 4: ಆಫ್ ಇಟ್ಟುಕೊಂಡೇ ಹಾಕಿ ನೋಡಿ

ಟಿಡಿಸಿಎಸ್‌ನಲ್ಲಿ ಜಾಗ ತಪ್ಪಿದರೆ ವಿದ್ಯುತ್ ಬೇಡದ ಕಡೆ ಹೋಗುತ್ತದೆ. ಖಿನ್ನತೆಗೆ ಗುರಿ ಹಣೆಯ ಎಡಭಾಗದ ಮೇಲ್ಗಡೆ, ಮೆದುಳಿನ ವಿದ್ಯುತ್ ಅಳೆಯುವ ಇಇಜಿ ಪರೀಕ್ಷೆಯ ತಲೆ ನಕ್ಷೆಯಲ್ಲಿ ಎಫ್3 ಎಂದು ಕರೆಯುವ ಬಿಂದು. ಧನ ತುದಿ, ಅಂದರೆ ಆನೋಡ್, ಅಲ್ಲಿ ಕೂರುತ್ತದೆ. ಋಣ ತುದಿ ಬಲಗಡೆ ಎಫ್4ರ ಮೇಲೆ ಅಥವಾ ಅದರ ಆಸುಪಾಸಿನಲ್ಲಿ. ವೈರ್ ಕಾಣುವ ಯಂತ್ರದಲ್ಲಿ ಸಾಮಾನ್ಯವಾಗಿ ಕೆಂಪು ಆನೋಡ್, ಆದರೂ ಕೈಪಿಡಿಯಲ್ಲಿ ಒಮ್ಮೆ ನೋಡಿ. ಎಡಬಲ ಅದಲುಬದಲು ಆಗುವುದು ಕನ್ನಡಿ ನೋಡಿ ಹಾಕಿಕೊಳ್ಳುವವರಲ್ಲಿ.

ಜಾಗ ನಿಗದಿಯಾದ ಹೆಡ್‌ಸೆಟ್ ಆದರೆ ಕೆಲಸ ಸುಲಭ. ಮೂಗಿನ ಬುಡದ ತಗ್ಗಿನಿಂದ ಹೆಡ್‌ಸೆಟ್ಟಿನ ಅಂಚಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಪ್ರತಿ ಸಲ ಅದೇ ದೂರ ಬರಬೇಕು. ಬಿಡಿ ಪ್ಯಾಡ್, ಬೆಲ್ಟು ಇರುವ ಯಂತ್ರವಾದರೆ ಅಂದಾಜಿನಲ್ಲಿ ಇಡಬೇಡಿ. ಮೊದಲ ಸಲ ವೈದ್ಯರ ಬಳಿ ಅಥವಾ ತರಬೇತಾದವರ ಬಳಿ ಜಾಗ ಗುರುತು ಹಾಕಿಸಿಕೊಂಡು ಫೋಟೋ ತೆಗೆದಿಟ್ಟುಕೊಳ್ಳಿ.

ಹಾಕಿದ ಮೇಲೆ ಐದು ನಿಮಿಷ ಓಡಾಡಿ, ಬಗ್ಗಿ, ಕೂತು ಎದ್ದು ಮಾಡಿ. ಜಾರಿದರೆ ಬೆಲ್ಟು ಸರಿಮಾಡಿ. ಬಿಗಿಯಾಗಿ ಕಟ್ಟುವುದು ಪರಿಹಾರವಲ್ಲ. ಬಿಗಿ ಜಾಸ್ತಿ ಆದರೆ ಸ್ಪಂಜು ಹಿಂಡಿ ನೀರು ಹೊರಗೆ ಬರುತ್ತದೆ, ತಲೆನೋವೂ ಬರುತ್ತದೆ. ಆಮೇಲೆ ಆ ನೋವನ್ನು ವಿದ್ಯುತ್ತಿನ ಲೆಕ್ಕಕ್ಕೆ ಬರೆದುಬಿಡುತ್ತೀರಿ.

## ಹಂತ 5: ಚರ್ಮ ಮತ್ತು ಸ್ಪಂಜು

ಇಡೀ ಬರಹದಲ್ಲಿ ಒಂದೇ ಹಂತ ಓದಿ ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಉರಿ, ಕೆಂಪು ಕಲೆ, "ಸಂಪರ್ಕ ಸರಿಯಿಲ್ಲ" ಎಂಬ ಕೂಗು, ಎಲ್ಲ ಇಲ್ಲಿಂದಲೇ ಬರುತ್ತವೆ.

ವಿದ್ಯುತ್ ಸುಲಭದ ದಾರಿ ಹುಡುಕುತ್ತದೆ. ಸ್ಪಂಜು ಎಲ್ಲ ಕಡೆ ಒಂದೇ ಸಮ ಒದ್ದೆ ಇದ್ದು, ಚರ್ಮಕ್ಕೆ ಪೂರ್ತಿ ತಾಗಿದ್ದರೆ ವಿದ್ಯುತ್ ಹರಡಿಕೊಂಡು ಒಳಗೆ ಹೋಗುತ್ತದೆ. ಒಂದು ಮೂಲೆ ಒಣಗಿದರೆ ಅಷ್ಟೂ ವಿದ್ಯುತ್ ಉಳಿದ ಜಾಗಕ್ಕೆ ನುಗ್ಗುತ್ತದೆ. ಯಂತ್ರ 2 ಮಿಲಿ ಆಂಪಿಯರ್ ಅನ್ನೇ ತೋರಿಸುತ್ತಿರುತ್ತದೆ, ಚರ್ಮದ ಒಂದು ಚುಕ್ಕೆಗೆ ಮಾತ್ರ ಅದು ಹಲವು ಪಟ್ಟಾಗಿ ತಗಲುತ್ತದೆ.

ನನ್ನ ಮೊದಲ ವಾರವೇ ಇದಾಯಿತು. ಹಿಂದಿನ ದಿನದ ಸ್ಪಂಜನ್ನೇ ಎರಡು ಹನಿ ನೀರು ಚಿಮುಕಿಸಿ ಹಾಕಿಕೊಂಡಿದ್ದೆ. ಹತ್ತು ನಿಮಿಷಕ್ಕೆ ಎಡಹುಬ್ಬಿನ ಮೇಲೆ ಒಂದು ಬಿಂದು ಚುರುಕ್ ಅನ್ನತೊಡಗಿತು. "ಇನ್ನು ಇಪ್ಪತ್ತು ನಿಮಿಷ ತಾನೆ" ಅಂತ ಕೂತೆ. ತೆಗೆದಾಗ ನಾಣ್ಯದಗಲದ ಕೆಂಪು ಕಲೆ, ನಾಲ್ಕು ದಿನ ಹೋಗಲಿಲ್ಲ. ಅದಾದ ಮೇಲೆ ಯಂತ್ರ ಮಾರಿದವರನ್ನು ಕೇಳಿದರೆ "ಎಷ್ಟು ಒದ್ದೆಯೋ ಅಷ್ಟು ಒಳ್ಳೆಯದು" ಎಂದರು. ಅದೂ ತಪ್ಪೇ. ಮುಂದಿನ ಸಲ ಉಪ್ಪುನೀರು ಹುಬ್ಬು ದಾಟಿ ಕಣ್ಣಿಗಿಳಿಯಿತು. ನೀರು ಹರಿದ ಕಡೆಯೆಲ್ಲ ವಿದ್ಯುತ್ತೂ ಹೋಗುತ್ತದೆ, ಗುರಿ ಇಟ್ಟ ಜಾಗ ನೆಪಕ್ಕಷ್ಟೇ.

ಈಗ ನಾನು ಮಾಡುವ ಕ್ರಮ ಇದು:

1. ಹಣೆಯನ್ನು ಸೌಮ್ಯ ಸೋಪಿನಿಂದ ತೊಳೆದು ಒರೆಸಿ ಪೂರ್ತಿ ಒಣಗಿಸುವುದು. ಎಣ್ಣೆ, ಕ್ರೀಮು, ಸನ್‌ಸ್ಕ್ರೀನ್ ಏನೂ ಉಳಿದಿರಬಾರದು. ಒರಟು ಬಟ್ಟೆಯಿಂದ ಉಜ್ಜಬಾರದು, ಸ್ಪಿರಿಟ್ ಹಚ್ಚಬಾರದು. ಚರ್ಮ ತರಚಿದರೆ ಉರಿ ಖಚಿತ.

2. ಕೂದಲನ್ನು ಹಿಂದಕ್ಕೆ ಬಾಚಿ ಪ್ಯಾಡಿನ ಕೆಳಗಿನಿಂದ ಸರಿಸುವುದು. ಒಂದೆರಡು ಎಳೆ ಇದ್ದರೂ ಅಲ್ಲಿ ಗಾಳಿ ಸೇರುತ್ತದೆ.

3. ಸಿರಿಂಜಿನಲ್ಲಿ ಸಲೈನ್ ಅಳೆದು ಸ್ಪಂಜಿಗೆ ಹಾಕುವುದು. 35 ಚದರ ಸೆಂಟಿಮೀಟರ್ ಸ್ಪಂಜಾದರೆ ಒಂದೊಂದು ಬದಿಗೆ ಸುಮಾರು 6 ಮಿಲಿ. ನಿಮ್ಮ ಪ್ಯಾಡ್ ಚಿಕ್ಕದಾದರೆ ಕೈಪಿಡಿ ಹೇಳಿದಷ್ಟು. ಮೊದಲೇ ಒದ್ದೆ ಮಾಡಿ ಪ್ಯಾಕ್ ಮಾಡಿದ ಪ್ಯಾಡ್ ಆದರೆ ಏನನ್ನೂ ಸೇರಿಸಬೇಡಿ.

4. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುವುದು. ಮೇಲ್ಮೈ ಹೊಳೆಯಬೇಕು, ಹನಿ ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಬಟ್ಟೆಯ ಮೇಲೆ ಒಮ್ಮೆ ಒತ್ತಿ ತೆಗೆಯುವುದು.

5. ಹಾಕಿದ ಮೇಲೆ ಪ್ಯಾಡಿನ ಅಂಚಿನ ಸುತ್ತ ನೋಡಿ, ಇಳಿದ ನೀರು ಒರೆಸುವುದು. ಎರಡು ಪ್ಯಾಡುಗಳ ನಡುವಿನ ಚರ್ಮ ಒಣಗಿರಲೇಬೇಕು.

ನಲ್ಲಿ ನೀರು ಬೇಡ. ಉಪ್ಪಿನಂಶ ಸಾಲದೆ ತಡೆ ಹೆಚ್ಚುತ್ತದೆ, ನಲ್ಲಿ ನೀರು ಬಳಸಿ ಸುಟ್ಟ ಗಾಯ ಆದದ್ದಿದೆ. ಸಲೈನ್ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಕೈಯಂದಾಜು ಬೇಡ, ತೂಕ ಮಾಡಿ. ಉಪ್ಪು ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು ಎಂಬುದೂ ಸುಳ್ಳು.

ಸಿಇಎಸ್‌ನವರಿಗೆ ಇಷ್ಟು ರಗಳೆ ಇಲ್ಲ. ಓಲೆ ತೆಗೆಯಿರಿ, ಕಿವಿಹಾಲೆ ಒರೆಸಿ, ಕ್ಲಿಪ್ಪಿನ ಮೆತ್ತೆಗೆ ಯಂತ್ರದ ಜೊತೆ ಬಂದ ದ್ರಾವಣ ಹಾಕಿ.

## ಹಂತ 6: ಈಗ ಸ್ವಿಚ್ ಒತ್ತಿ

ಕುರ್ಚಿಯಲ್ಲಿ ಬೆನ್ನು ಆನಿಸಿ ಕೂರಿ. ಮಲಗಿಕೊಂಡು ಮಾಡಬೇಡಿ, ನಿದ್ದೆ ಹತ್ತಿ ಪ್ಯಾಡ್ ಜಾರುತ್ತದೆ. ವಾಹನ ಓಡಿಸುವಾಗ, ಅಡುಗೆ ಮಾಡುವಾಗ, ಸ್ನಾನದ ಮನೆಯಲ್ಲಿ ಬೇಡ. ಫೋನ್ ಚಾರ್ಜರ್ ಥರ ಗೋಡೆಗೆ ಸಿಕ್ಕಿಸಿಕೊಂಡೇ ಯಂತ್ರ ತಲೆಗೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಒಳ್ಳೆಯ ಯಂತ್ರ ವಿದ್ಯುತ್ತನ್ನು ಒಮ್ಮೆಲೇ ಬಿಡುವುದಿಲ್ಲ. ಅರ್ಧ ನಿಮಿಷದಷ್ಟು ಹೊತ್ತು ನಿಧಾನಕ್ಕೆ ಏರಿಸುತ್ತದೆ. ಆಗ ಪ್ಯಾಡಿನ ಕೆಳಗೆ ಇರುವೆ ಹರಿದಂತೆ ಜುಮುಜುಮು, ಕೆರೆತ, ಸ್ವಲ್ಪ ಬೆಚ್ಚಗೆ ಅನ್ನಿಸುತ್ತದೆ. ಎರಡೂ ಪ್ಯಾಡಿನಗಲ ಹರಡಿಕೊಂಡಿದ್ದರೆ, ಕೆಲವು ನಿಮಿಷದಲ್ಲಿ ತಗ್ಗಿದರೆ, ಅದು ಮಾಮೂಲು. ಶುರುವಾಗುವಾಗ ಕಣ್ಣಂಚಿನಲ್ಲಿ ಮಿಂಚಿದಂತೆ ಆಗುವುದೂ ಉಂಟು. ಇದೇನೂ ಅನ್ನಿಸದಿದ್ದರೂ ಚಿಂತೆಯಿಲ್ಲ. ಜುಮುಜುಮು ಜಾಸ್ತಿ ಆದರೆ ಚಿಕಿತ್ಸೆ ಜೋರಾಗಿ ನಡೆಯುತ್ತಿದೆ ಅಂತ ಏನೂ ಅಲ್ಲ. ಅದು ಚರ್ಮದ ಮಾತು, ಮೆದುಳಿನದಲ್ಲ.

ಮಾಮೂಲು ಅಲ್ಲದ್ದು: ಒಂದೇ ಬಿಂದುವಿನಲ್ಲಿ ಸೂಜಿ ಚುಚ್ಚಿದಂಥ ನೋವು, ಏರುತ್ತಲೇ ಹೋಗುವ ಉರಿ, ತಲೆ ಸುತ್ತು. ಆಗ ನಿಲ್ಲಿಸಿ. ಹೇಗೆ ನಿಲ್ಲಿಸುತ್ತೀರಿ ಅನ್ನುವುದೂ ಮುಖ್ಯ. ಹೆಡ್‌ಸೆಟ್ ಕಿತ್ತು ತೆಗೆಯಬೇಡಿ. ವಿದ್ಯುತ್ ಥಟ್ಟನೆ ಕಡಿದರೆ ಕಣ್ಣಮುಂದೆ ಬೆಳಕು ಹೊಡೆದು ಗಾಬರಿಯಾಗುತ್ತದೆ. ನಿಲ್ಲಿಸುವ ಗುಂಡಿ ಒತ್ತಿ, ವಿದ್ಯುತ್ ಇಳಿಯುವವರೆಗೆ ಕಾದು, ಆಮೇಲೆ ತೆಗೆಯಿರಿ. ಈ ಗುಂಡಿ ಎಲ್ಲಿದೆ ಅಂತ ಪಕ್ಕದಲ್ಲಿ ಕೂತವರಿಗೂ ತೋರಿಸಿಡಿ.

ಸಿಇಎಸ್‌ನಲ್ಲಿ ಮಟ್ಟವನ್ನು ನೀವೇ ಏರಿಸುತ್ತೀರಿ. ಒಂದೊಂದೇ ಮೆಟ್ಟಿಲು ಏರಿಸುತ್ತ ಹೋಗಿ. ಹಡಗಿನಲ್ಲಿ ಕೂತಂತೆ ತೂಗಿದರೆ ಅಥವಾ ವಾಕರಿಕೆ ಬಂದರೆ, ಅದು ಹೋಗುವವರೆಗೆ ಇಳಿಸಿ. ಅಲ್ಲೇ ನಿಮ್ಮ ಮಟ್ಟ. ಮಟ್ಟ ಕಡಿಮೆ ಇದ್ದರೆ ಹೊತ್ತು ಹೆಚ್ಚು ಬೇಕು, ಕೈಪಿಡಿಯ ಪಟ್ಟಿಯಲ್ಲಿ ಅದು ಇರುತ್ತದೆ.

ಮುಗಿದ ಕೂಡಲೇ ಹಣೆ ನೋಡಿಸಿ. ಪ್ಯಾಡಿನಾಕಾರದ ತೆಳು ಕೆಂಪು ಒಂದೆರಡು ಗಂಟೆಯಲ್ಲಿ ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಎಷ್ಟು ನಿಮಿಷ, ಏನನ್ನಿಸಿತು, ಇಷ್ಟು ಬರೆಯಿರಿ.

## ಹಂತ 7: ವೇಳಾಪಟ್ಟಿಗೆ ಅಂಟಿಕೊಳ್ಳಿ

2024ರ ಆ 10 ವಾರದ ಪ್ರಯೋಗದಲ್ಲಿ ಮೊದಲ 3 ವಾರ ವಾರಕ್ಕೆ 5 ಸಲ, ಮುಂದಿನ 7 ವಾರ ವಾರಕ್ಕೆ 3 ಸಲ, ಪ್ರತಿ ಸಲ 30 ನಿಮಿಷ ಕೊಟ್ಟಿದ್ದರು. ನಿಮ್ಮ ವೈದ್ಯರು ಅಥವಾ ಕೈಪಿಡಿ ಬೇರೆ ಹೇಳಿದರೆ ಅದೇ ನಡೆಯಲಿ. ಹತ್ತು ದಿನಕ್ಕೆ ಕೈಬಿಟ್ಟವರು ಎಲ್ಲಿ ನಿಲ್ಲಿಸಿದರು ಅಂತ ಈ ಲೆಕ್ಕದಿಂದಲೇ ಗೊತ್ತಾಗುತ್ತದೆ, ಅಲ್ವಾ?

ಒಂದು ದಿನ ತಪ್ಪಿದರೆ ಮರುದಿನ ಎರಡು ಸಲ ಹಾಕಬೇಡಿ. ಜೋರು ಮಾಡಿದರೆ ಬೇಗ ಗುಣ ಎಂಬ ಲೆಕ್ಕವೂ ಮೆದುಳಿಗೆ ಹೊಂದುವುದಿಲ್ಲ. 2013ರ ಒಂದು ಅಧ್ಯಯನದಲ್ಲಿ, 1 ಮಿಲಿ ಆಂಪಿಯರ್‌ನಲ್ಲಿ ಮೆದುಳಿನ ಚಟುವಟಿಕೆಯನ್ನು ತಗ್ಗಿಸುವ ಋಣ ತುದಿಯ ಉತ್ತೇಜನ, 2 ಮಿಲಿ ಆಂಪಿಯರ್‌ಗೆ ಏರಿಸಿದಾಗ ಉಲ್ಟಾ ಹೊಡೆದು ಚಟುವಟಿಕೆ ಹೆಚ್ಚಿಸಿತು. ಅಡುಗೆಗೆ ಉಪ್ಪು ಹಾಕಿದಂತೆ ಇದನ್ನು ಏರಿಸುತ್ತ ಹೋಗಲಾಗುವುದಿಲ್ಲ.

ಹೊತ್ತು ಯಾವುದು? ಟಿಡಿಸಿಎಸ್ ಬೆಳಿಗ್ಗೆ ಅಥವಾ ಮಧ್ಯಾಹ್ನದೊಳಗೆ ಮುಗಿಸಿ. ಕೆಲವರಿಗೆ ಅದು ಎಚ್ಚರ ತರುತ್ತದೆ. "ನಿದ್ದೆಯೇ ಹೋಯಿತು" ಎಂದವರನ್ನು ಕೇಳಿದಾಗ ರಾತ್ರಿ ಹತ್ತಕ್ಕೆ ಹಾಕಿಕೊಂಡವರೇ ಹೆಚ್ಚು ಸಿಕ್ಕಿದ್ದಾರೆ. ಸಿಇಎಸ್ ಸಂಜೆ ನಡೆಯುತ್ತದೆ, ಆದರೆ ಅದರಿಂದಲೂ ಚುರುಕಾಗುವವರಿದ್ದಾರೆ. ಹಾಗಾದರೆ ಮಲಗುವುದಕ್ಕೆ ಕೆಲವು ಗಂಟೆ ಮೊದಲೇ ಮುಗಿಸಿಬಿಡಿ.

## ಹಂತ 8: ನಿದ್ದೆಯ ಕೆಲಸ ಬೇರೆಯೇ ಇದೆ

ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಎಂದು ವೈದ್ಯರ ಮಾರ್ಗಸೂಚಿಗಳು ಹೇಳುವುದು ಸಿಬಿಟಿ-ಐ ಎಂಬ ಅಭ್ಯಾಸ ತಿದ್ದುವ ಕ್ರಮವನ್ನು. ಮಾತ್ರೆಗಿಂತ ಮುಂಚೆ ಅದು, ಯಂತ್ರಕ್ಕಿಂತಲೂ ಮುಂಚೆ. ಇದೂ ಮಾತ್ರೆಯಿಲ್ಲದ್ದೇ, ಪೆಟ್ಟಿಗೆಯಲ್ಲಿ ಬರುವುದಿಲ್ಲ ಅಷ್ಟೇ.

ರಾತ್ರಿ ಎಷ್ಟೊತ್ತಿಗೇ ನಿದ್ದೆ ಬಂದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷದಷ್ಟು ಹೊರಳಾಡಿಯೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂರಿ, ಕಣ್ಣು ಎಳೆದಾಗ ವಾಪಸ್ ಬನ್ನಿ. ನಿದ್ದೆ ಐದೂವರೆ ಗಂಟೆ ಬರುತ್ತಿದ್ದರೆ ಹಾಸಿಗೆಯಲ್ಲಿ ಒಂಬತ್ತು ಗಂಟೆ ಬಿದ್ದಿರುವುದರಿಂದ ಲಾಭವಿಲ್ಲ. ಹಾಸಿಗೆಯ ಹೊತ್ತನ್ನು ಮೊದಲು ಕಡಿಮೆ ಮಾಡಿ, ನಿದ್ದೆ ಗಟ್ಟಿಯಾದಂತೆ ಹಿಗ್ಗಿಸುತ್ತಾರೆ. ಬೈಪೋಲಾರ್, ಮೂರ್ಛೆರೋಗ ಇರುವವರು ಮತ್ತು ವಾಹನ ಓಡಿಸುವುದೇ ಕೆಲಸವಾದವರು ಈ ಕಡಿತವನ್ನು ತಾವೇ ಮಾಡಿಕೊಳ್ಳಬಾರದು.

ರಾತ್ರಿ ಎರಡಕ್ಕೆ ಎಚ್ಚರವಾಯಿತು ಅಂತ ಹೆಡ್‌ಸೆಟ್ ಹುಡುಕಬೇಡಿ. ಆ ಹೊತ್ತಿನಲ್ಲಿ ಹಾಕಿದ ಪ್ಯಾಡ್ ಸರಿಯಾಗಿ ಕೂತದ್ದನ್ನು ನಾನು ನೋಡಿಲ್ಲ.

## ಹಂತ 9: ಈ ಲಕ್ಷಣ ಕಂಡರೆ ನಿಲ್ಲಿಸಿ

ಪಟ್ಟಿಯನ್ನು ಮನೆಯವರಿಗೂ ಓದಿ ಹೇಳಿ. ಮೊದಲನೆಯದು ನಿಮಗಿಂತ ಮೊದಲು ಅವರಿಗೆ ಕಾಣುತ್ತದೆ.

* ಮೂರ್ನಾಲ್ಕು ಗಂಟೆ ಮಲಗಿಯೂ ದಣಿವಿಲ್ಲ, ಮಾತು ನಿಲ್ಲುತ್ತಿಲ್ಲ, ಸಿಡುಕು, ಕೈಬಿಚ್ಚಿ ಖರ್ಚು. "ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ!" ಎಂದು ಖುಷಿಪಡುವ ಹೊತ್ತು ಇದಲ್ಲ. ಅದೇ ದಿನ ವೈದ್ಯರಿಗೆ ತಿಳಿಸಿ.
* ಸಾವಿನ ಯೋಚನೆ ಹೊಸದಾಗಿ ಬಂದರೆ ಅಥವಾ ಹೆಚ್ಚಿದರೆ ಒಬ್ಬರೇ ಇರಬೇಡಿ, ತುರ್ತು ಸಹಾಯ ಪಡೆಯಿರಿ.
* ಪ್ರಜ್ಞೆ ತಪ್ಪುವುದು, ಕೈಕಾಲು ಸೆಟೆಯುವುದು. ಯಂತ್ರ ಮತ್ತೆ ಮುಟ್ಟುವ ಮಾತೇ ಇಲ್ಲ, ನೇರ ಆಸ್ಪತ್ರೆಗೆ.
* ಚರ್ಮದಲ್ಲಿ ಗುಳ್ಳೆ, ಕಂದು ಚುಕ್ಕೆ, ಹಕ್ಕಳೆ. ಮಾಯುವವರೆಗೆ ಹಾಕಬೇಡಿ, ಮಾಯ್ದ ಮೇಲೂ ಸ್ಪಂಜು ಬದಲಿಸದೆ ಶುರುಮಾಡಬೇಡಿ.
* ಪ್ರತಿ ಸಲವೂ ಬಂದು ಮರುದಿನವೂ ಉಳಿಯುವ ತಲೆನೋವು.

ಮಾಮೂಲು ಮಿತಿಯೊಳಗೆ, ಮಾನ್ಯ ಯಂತ್ರದಲ್ಲಿ ಮಾಡಿದ ಟಿಡಿಸಿಎಸ್‌ನಿಂದ ಗಂಭೀರ ಹಾನಿ ಆದದ್ದು ಬಹಳ ಅಪರೂಪ. ಹೆದರಿಸಲು ಇದನ್ನು ಬರೆಯಲಿಲ್ಲ. ಏನಾದರೂ ಆದರೆ ತಡಮಾಡದೆ ಗುರುತಿಸಲಿ ಅಂತ.

## ಹಂತ 10: ಲೆಕ್ಕ ನೋಡಿ ಮುಂದುವರಿಸಿ, ಇಲ್ಲವೇ ಬಿಡಿ

ಪ್ರಶ್ನಾವಳಿಗಳನ್ನು ಎರಡು ವಾರಕ್ಕೊಮ್ಮೆ, ಅದೇ ವಾರದ ದಿನ, ಅದೇ ಹೊತ್ತಿಗೆ ತುಂಬಿ. ಹಳೆಯ ಅಂಕ ನೋಡಿಕೊಂಡು ತುಂಬಬೇಡಿ.

ಮೂರನೇ ವಾರ ಏನೂ ಬದಲಾಗಿಲ್ಲ ಎಂದರೆ ಮೊದಲು ಹಂತ 4 ಮತ್ತು 5ಕ್ಕೆ ಹೋಗಿ. ಜಾಗ, ಸ್ಪಂಜು, ತಪ್ಪಿಸಿದ ದಿನಗಳನ್ನು ಎಣಿಸಿ. ಅವೆಲ್ಲ ಸರಿಯಿದ್ದರೆ ಮುಂದುವರಿಸಿ. ಆರನೇ ವಾರಕ್ಕೆ ಅಂಕ ಅಲ್ಲೇ ಇದ್ದರೆ ವೈದ್ಯರನ್ನು ಕಾಣಿ. ನಡುವೆ ಅಂಕ ಮೇಲೇರಿದರೆ ಆರನೇ ವಾರಕ್ಕೂ ಕಾಯಬೇಡಿ. ಹತ್ತನೇ ವಾರಕ್ಕೆ ಅಂಕ ಅರ್ಧಕ್ಕಿಳಿದಿದ್ದರೆ ಅದನ್ನು ಒಳ್ಳೆಯ ಪ್ರತಿಫಲ ಎನ್ನುತ್ತಾರೆ. ಒಂದು ಮಾತು ನೆನಪಿರಲಿ. ಇಂಥ ಪ್ರಯೋಗಗಳಲ್ಲಿ ಹುಸಿ ಯಂತ್ರ ಹಾಕಿಕೊಂಡವರಲ್ಲೂ ಬಹಳ ಜನ ಸುಧಾರಿಸುತ್ತಾರೆ. ದಿನಾ ಅರ್ಧ ಗಂಟೆ ಒಂದು ಕಡೆ ಕೂರುವುದು, ಯಾರೋ ವಿಚಾರಿಸಿಕೊಳ್ಳುವುದು, ಇವಕ್ಕೂ ಬೆಲೆಯಿದೆ. ಸುಧಾರಿಸಿದ್ದಕ್ಕೆ ಯಾವುದು ಕಾರಣ ಅಂತ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸುಧಾರಿಸಿಲ್ಲ ಅಂದಾಗ ಮಾತ್ರ ಯಂತ್ರದ ಮೇಲಿನ ಪ್ರೀತಿಗೆ ಮುಂದುವರಿಸಬೇಡಿ.

ನಿಲ್ಲಿಸುವ ನಿರ್ಧಾರ ಆದರೆ ವಾರಕ್ಕೆ 3ರಿಂದ 2, ಆಮೇಲೆ 1 ಹೀಗೆ ವೈದ್ಯರೊಂದಿಗೆ ಮಾತಾಡಿ ಇಳಿಸಿಕೊಳ್ಳಬಹುದು. ನಿಲ್ಲಿಸಿದ ಮೇಲೂ ತಿಂಗಳಿಗೊಮ್ಮೆ ಪ್ರಶ್ನಾವಳಿ ತುಂಬುತ್ತಿರಿ. ಖಿನ್ನತೆ ಮೆಲ್ಲಗೆ ವಾಪಸ್ ಬರುತ್ತದೆ, ಅಂಕದಲ್ಲಿ ಮೊದಲು ಕಾಣುತ್ತದೆ.

ಎತ್ತಿಡುವಾಗ ಸ್ಪಂಜುಗಳನ್ನು ಹೊರಗೆ ತೆಗೆದು ಎಸೆಯಿರಿ. ಒದ್ದೆ ಸ್ಪಂಜು ಒಳಗೇ ಉಳಿದರೆ ಉಪ್ಪು ಕಟ್ಟಿ ಲೋಹದ ಭಾಗ ತುಕ್ಕು ಹಿಡಿಯುತ್ತದೆ, ಮುಂದಿನ ಸಲ ಸುಡುವುದು ಅದೇ. ಪರಿಚಯದವರು ಕೇಳಿದರೆ ಯಂತ್ರ ಕೊಟ್ಟುಬಿಡಬೇಡಿ, ಹಂತ 1 ಅವರಿಗೂ ಇದೆ. ಪೆಟ್ಟಿಗೆ ಮುಚ್ಚುವ ಮುನ್ನ ಒಂದು ಚೀಟಿಯಲ್ಲಿ ಕೊನೆಯ ಸಲ ಹಾಕಿದ ದಿನಾಂಕ, ಮೂಗಿನ ಬುಡದಿಂದ ಹೆಡ್‌ಸೆಟ್ಟಿಗೆ ಅಳೆದ ದೂರ, ಆ ದಿನದ ಎರಡೂ ಅಂಕ ಬರೆದು ಒಳಗಿಡಿ.